ಸಕ್ಕರೆ ಆರತಿಗೆ ಕಟ್ಟಿದ ಬೆಲ್ಟು

ತೊಂಬತ್ತೆಂಟರ ಸುಮಾರಿಗೆ ಅಪ್ಪ ಒಂದು ಹಳೆಯ ಬಿಳಿ ಕಾರು ಕೊಂಡರು. ಅದನ್ನು ಓಡಿಸಲು ಅಣ್ಣನಿಗಿಂತ ಮೊದಲು ಕಲಿತವಳು ನಾನು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯಲ್ಲಿ ಹುಡುಗಿಯೊಬ್ಬಳು ಕಾರು ಹೊಡೆಯುತ್ತಾಳೆಂದರೆ ಜನ ಗೇಟಿಗೆ ಬಂದು ನಿಂತು ನೋಡುತ್ತಿದ್ದರು. ನನ್ನ ಜಂಬ ಕೇಳಬೇಡಿ, ಕೊತ್ತಂಬರಿ ಸೊಪ್ಪು ತರುವುದಕ್ಕೂ ಕಾರೇ ಬೇಕಿತ್ತು. ಮುಂದಿನ ಎರಡು ಸೀಟಿಗೆ ಮಾತ್ರ ಬೆಲ್ಟ್ ಇತ್ತು. ಇಸ್ತ್ರಿ ಬಟ್ಟೆ ಮುದುಡುತ್ತದೆಂದು ಅಪ್ಪ ಅದನ್ನು ಸೀಟಿನ ಹಿಂದೆ ಸಿಕ್ಕಿಸಿಬಿಟ್ಟಿದ್ದರು. ನಾನೂ ಅಪ್ಪನ ಮಗಳೇ, ಮುಟ್ಟಲಿಲ್ಲ.

ಆ ವರ್ಷ ಅಣ್ಣನಿಗೆ ಹರಿಹರದ ಹುಡುಗಿ ನಿಶ್ಚಯವಾಗಿದ್ದಳು. ಗೌರಿ ಹುಣ್ಣಿಮೆಗೆ ಗಂಡಿನ ಕಡೆಯವರು ಹುಡುಗಿಗೆ ಸೀರೆ, ಹೂವು, ಸಕ್ಕರೆ ಆರತಿ ಒಯ್ಯುವುದು ನಮ್ಮಲ್ಲಿ ಪದ್ಧತಿ. ಅವ್ವ ಎರಡು ದಿನ ಒಲೆಯ ಮುಂದೆ ಬೆವರಿ, ಪಾಕವನ್ನು ಮರದ ಅಚ್ಚುಗಳಿಗೆ ಹೊಯ್ದು ಗಿಣಿ, ಆನೆ, ನವಿಲು, ಗೋಪುರ ತೆಗೆದಳು. ಬೆರಳು ತಾಕಿದರೆ ಮುರಿಯುವಂಥವು. ಮುರಿದದ್ದನ್ನು ಒಯ್ದರೆ ಬೀಗರು ಅಪಶಕುನ ಎಂದುಕೊಂಡಾರು ಎಂಬುದೇ ಅವಳ ಚಿಂತೆ.

"ಬುಟ್ಟಿ ತೊಡಿ ಮ್ಯಾಲೆ ಇಟ್ಕಂಡು ಮುಂದೆ ಕೂಡ್ತೀನಿ," ಅಂದಳು.

"ಬ್ಯಾಡವ್ವ, ಹೊಂಡ ಬಂದ್ರೆ ಕೈ ಬಿಡ್ತೀಯ. ನೀನು ಹಿಂದೆ ಕೂಡು," ಎಂದು ನಾನು ಜೋರು ಮಾಡಿದೆ. ಬುಟ್ಟಿಯನ್ನು ಮುಂದಿನ ಸೀಟಿನಲ್ಲಿಟ್ಟು, ಹಿಂದೆ ಸಿಕ್ಕಿಸಿದ್ದ ಬೆಲ್ಟ್ ಎಳೆದು ಅದಕ್ಕೆ ಬಿಗಿದೆ. ಎಂಥಾ ಜಾಣತನ! ಅವ್ವ ಹಿಂದಿನ ಸೀಟಿನ ತುದಿಯಲ್ಲಿ ಕೂತು, ಮುಂದಕ್ಕೆ ಬಾಗಿ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡಳು.

ಹರಿಹರ ಇನ್ನೇನು ಬಂತು ಅನ್ನುವಾಗ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಪಕ್ಕದ ದಾರಿಯಿಂದ ರಸ್ತೆಗೆ ನುಗ್ಗಿತು. ಇದ್ದಬದ್ದ ಬಲವೆಲ್ಲ ಹಾಕಿ ಬ್ರೇಕ್ ತುಳಿದೆ. ನನ್ನ ಎದೆ ಸ್ಟೇರಿಂಗಿಗೆ ಬಡಿಯಿತು. ಅವ್ವ ಎರಡು ಸೀಟುಗಳ ನಡುವಿನಿಂದ ಮುಂದಕ್ಕೆ ಬಿದ್ದಳು. ಗೇರಿಗೆ ಬಡಿದು ಎಡಗಣ್ಣಿನ ಹುಬ್ಬು ಒಡೆದು, ರಕ್ತ ಕಣ್ಣೊಳಗೆ ಇಳಿಯಿತು. ಬುಟ್ಟಿ ಮಾತ್ರ ಕದಲಲಿಲ್ಲ.

"ಯವ್ವಾ, ಕಣ್ಣು ಬಿಡು! ಕಾಣ್ತೈತೇನು?"

"ಸಕ್ಕರಿ ಏನಾತು ನೋಡು ಮೊದ್ಲು," ಅಂದಳು ಪುಣ್ಯಾತ್ಗಿತ್ತಿ.

ಆಸ್ಪತ್ರೆಗೆ ಹೋಗೋಣವೆಂದು ಅತ್ತೆ, ಬೈದೆ. ಆರತಿ ಮುಟ್ಟಿಸದೆ ಎಲ್ಲಿಗೂ ಬರುವುದಿಲ್ಲ ಎಂದು ಹಟ ಹಿಡಿದಳು. ಕರವಸ್ತ್ರ ಒತ್ತಿ, ತಲೆ ತುಂಬ ಸೆರಗು ಹೊದ್ದು, ಕಣ್ಣಿನವರೆಗೆ ಎಳೆದುಕೊಂಡು ಬೀಗರ ಮನೆಯ ಮೆಟ್ಟಿಲು ಹತ್ತಿದಳು. ಬುಟ್ಟಿ ಹಿಡಿದು ನಾನು ಅವಳ ಹಿಂದೆಯೇ ಹತ್ತಿದೆ.

"ಬರ್ರಿ ಬೀಗ್ರೆ, ಕೂಡ್ರಿ," ಎಂದು ಹುಡುಗಿಯ ತಾಯಿ ಬುಟ್ಟಿಯ ಬಟ್ಟೆ ಸರಿಸಿದರು. "ಅಯ್ಯ ಶಿವನೆ, ಗಿಣಿ ಕೊಕ್ಕೂ ಮುಕ್ಕಾಗಿಲ್ಲ! ಹೆಂಗೆ ತಂದ್ರಿ?"

"ನನ್ ಮಗಳು ಬೆಲ್ಟ್ ಹಾಕಿ ತಂದ್ಲ್ರಿ," ಅಂದಳು ಅವ್ವ. ವ್ಯಂಗ್ಯವಲ್ಲ, ಹೆಮ್ಮೆಯಿಂದಲೇ ಅಂದಳು. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

ಕಾಲು ಮುಟ್ಟಲು ಬಗ್ಗಿದ ಹುಡುಗಿ ತಲೆಯೆತ್ತಿದಾಗ ಸೆರಗಿನೊಳಗಿನ ಮುಖ ಕಂಡಳು. "ಆರತಿ ಆಮ್ಯಾಲೆ ಮಾಡನ, ಮೊದ್ಲು ಆಸ್ಪತ್ರೆಗೆ ನಡ್ರಿ!" ಎಂದು ಅವ್ವನ ರಟ್ಟೆ ಹಿಡಿದು ಎಬ್ಬಿಸಿದಳು. ಅಣ್ಣನಿಗೆ ಎಂಥ ಹುಡುಗಿ ಸಿಕ್ಕಳೆಂದು ನನಗೆ ಆಗಲೇ ತಿಳಿಯಿತು. ನಾಲ್ಕು ಹೊಲಿಗೆ ಬಿದ್ದವು. ಒಂದು ಬೆರಳಷ್ಟು ಕೆಳಗೆ ತಾಕಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು ಡಾಕ್ಟರು.

ವಾಪಸು ಬರುವಾಗ ಅವ್ವನನ್ನು ಮುಂದೆ ಕೂರಿಸಿದೆ. ಬೆಲ್ಟಿಗೆ ಅಂಟಿದ್ದ ಸಕ್ಕರೆ ಪುಡಿ ಕೊಡವಿ ಅವಳ ಎದೆಯ ಮೇಲಿಂದ ಎಳೆದು ಸಿಕ್ಕಿಸಿದೆ, ಆಮೇಲೆ ನನ್ನದನ್ನೂ ಹಾಕಿಕೊಂಡೆ. ಮುರಿದರೆ ಮತ್ತೊಂದು ಅಚ್ಚು ಹೊಯ್ಯಬಹುದಾದ ಸಕ್ಕರೆಗೆ ಬೆಲ್ಟ್ ಹಾಕಿ, ನನ್ನ ಅವ್ವನನ್ನು ಹಾಗೇ ಕೂರಿಸಿದ್ದೆನಲ್ಲ! ದಾರಿ ತುಂಬ ಅತ್ತೆ.

"ಅಳಬ್ಯಾಡ, ರಸ್ತೆ ನೋಡು," ಅಂದಳು.

ಆ ಕಾರು ಯಾವಾಗಲೋ ಹೋಯಿತು. ಈಗ ಬೇರೆ ಕಾರು, ನನ್ನ ತಲೆಯೂ ನೆರೆತಿದೆ. ಅವ್ವನ ಹುಬ್ಬಿನಲ್ಲಿ ಆ ಗೆರೆ ಇನ್ನೂ ಇದೆ, ಅಲ್ಲಿ ಕೂದಲು ಹುಟ್ಟಲೇ ಇಲ್ಲ. ಬೆಲ್ಟ್ ಹಾಕಿಕೊಳ್ಳಲು ಅವಳಿಗೆ ಚೆನ್ನಾಗಿ ಬರುತ್ತದೆ. ಆದರೂ ಕಾರು ಹತ್ತಿದೊಡನೆ ಎರಡೂ ಕೈ ಮೇಲೆತ್ತಿ, ನಾನು ಹಾಕಲಿ ಎಂದು ಕಾಯುತ್ತಾಳೆ.

"ಸಕ್ಕರಿ ಕಟ್ಟಿದ್ಯಾ?" ಎಂದು ಕೇಳುತ್ತಾಳೆ.

"ಕಟ್ಟಿದ್ನವ್ವ," ಎಂದ ಮೇಲೆಯೇ ನಾನು ಚಾವಿ ತಿರುಗಿಸುವುದು.