ಹಡಗಿನವರ ಪುಟ ಕಾಯುವ ರೇಡಿಯೋ ಮಾಮ

ಬೆಳಗಿನ ಐದೂವರೆ. ಬಂದರಿನ ಕ್ರೇನುಗಳ ತುದಿಯ ಕೆಂಪು ದೀಪಗಳು ಇನ್ನೂ ಆರಿಲ್ಲ. ನಾವಿಕರ ಕುಟುಂಬಗಳ ಸಂಘದ ಮಹಡಿ ಕೋಣೆಯಲ್ಲಿ ಐವತ್ತೊಂಬತ್ತರ ಹಿರಿಯರೊಬ್ಬರು ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಚಿತ್ರವಿಲ್ಲ, ಗುಂಡಿಗಳಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಷ್ಟೇ. ಒಂದು ಸಾಲು ಟೈಪ್ ಮಾಡುತ್ತಾರೆ. ಉತ್ತರ ಬರುವವರೆಗೆ ಬಲಗಿವಿಯನ್ನು ಪರದೆಯತ್ತ ತುಸು ವಾಲಿಸಿ ಕೂರುತ್ತಾರೆ. ಅದು ಸದ್ದು ಮಾಡುವುದಿಲ್ಲವೆಂದು ಅವರಿಗೂ ಗೊತ್ತು. ಹಳೆಯ ಚಾಳಿ, ಬಿಟ್ಟು ಹೋಗಿಲ್ಲ.

ಅವರು ಮಾತಾಡುತ್ತಿರುವುದು ಸರ್ವರಿನ ಜೊತೆ, ಎಂದರೆ ಸಂಘದ ವೆಬ್‌ಸೈಟನ್ನು ಹೊತ್ತಿರುವ ಕಂಪ್ಯೂಟರಿನ ಜೊತೆ. ಅದು ಇರುವುದು ಎಷ್ಟೋ ಊರುಗಳಾಚೆ, ಬಾಡಿಗೆಯ ಯಂತ್ರಗಳನ್ನು ಸಾಲಾಗಿ ಜೋಡಿಸಿಟ್ಟ ಯಾವುದೋ ತಂಪು ಹಜಾರದಲ್ಲಿ. ಇವರು ಅದನ್ನು ಕಣ್ಣಾರೆ ಕಂಡವರಲ್ಲ. ದಿನಾ ಬೆಳಿಗ್ಗೆ ಅದೇ ಪ್ರಶ್ನೆಗಳು: ಜಾಗ ಎಷ್ಟು ಉಳಿದಿದೆ, ನಿನ್ನೆಯ ನಕಲು ಸರಿಯಾಗಿ ಕೂತಿದೆಯೇ, ಸಾಫ್ಟ್‌ವೇರಿಗೆ ಹೊಸ ರಿಪೇರಿ ಏನಾದರೂ ಬಂದಿದೆಯೇ, ಯಾರ್‍ಯಾರು ಒಳನುಗ್ಗಲು ನೋಡಿದರು. ಇವತ್ತಿನ ಉತ್ತರ ನೋಡಿ ನಗುತ್ತಾರೆ. “ಮೂರು ಸಾವಿರದ ನೂರಾ ಹನ್ನೆರಡು ಸಲ ಬಾಗಿಲು ಬಡಿದಿದ್ದಾರೆ. ಪಾಸ್‌ವರ್ಡ್ ಊಹಿಸೋದೇ ಕೆಲಸ ಮಾಡ್ಕೊಂಡಿರೋ ಯಂತ್ರಗಳು. ಒಂದಕ್ಕೂ ತೆಗೆದಿಲ್ಲ.”

ಸಂಘದವರ ಬಾಯಲ್ಲಿ ಇವರು ರೇಡಿಯೋ ಮಾಮ. ಇವರು ನೋಡಿಕೊಳ್ಳುವ ವೆಬ್‌ಸೈಟಿಗೂ ದೊಡ್ಡ ಹೆಸರೇನಿಲ್ಲ, ಎಲ್ಲರೂ ‘ಪುಟ’ ಎನ್ನುತ್ತಾರೆ. ಯಾವ ಹಡಗು ಎಲ್ಲಿದೆ, ಯಾವ ಬಂದರಿಗೆ ಎಂದು ಮುಟ್ಟುತ್ತದೆ ಎಂಬುದು ಅದರಲ್ಲಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮನೆಯವರು ಬರೆದ ಕಾಗದ, ಹಾಕಿದ ಫೋಟೋ ಅಲ್ಲಿರುತ್ತವೆ. ಮುನ್ನೂರ ಹನ್ನೆರಡು ಹಡಗು, ಸಾವಿರದ ನಾನೂರು ಮನೆ. ನಡುಗಡಲಿನಲ್ಲಿ ಇಂಟರ್ನೆಟ್ ಎಂದರೆ ಎಳೆಯಷ್ಟು ಸಪೂರ. ಹಲವು ಹಡಗುಗಳಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಇಪ್ಪತ್ತು ನಿಮಿಷ ಸಿಕ್ಕರೆ ಹೆಚ್ಚು. ಆ ಇಪ್ಪತ್ತು ನಿಮಿಷದಲ್ಲಿ ಪುಟ ತೆರೆಯಬೇಕು. ಇವರ ಕೆಲಸವೆಲ್ಲ ಅಷ್ಟೇ.

ಇವರೂ ಕಡಲಿನವರೇ. ಇಪ್ಪತ್ತೊಂದಕ್ಕೆ ಸರಕು ಹಡಗು ಹತ್ತಿ ಹನ್ನೊಂದು ವರ್ಷ ರೇಡಿಯೋ ಕೋಣೆಯಲ್ಲಿ ಕೂತಿದ್ದರು. ಆಗ ಮನೆಯ ಸುದ್ದಿ ಬರುತ್ತಿದ್ದದ್ದು ಮೋರ್ಸ್ ಸಂಕೇತದ ಬೀಪ್ ಬೀಪ್ ಸದ್ದಿನಲ್ಲಿ. ಕಿವಿಗೊಟ್ಟು ಕೇಳಿ, ಅಕ್ಷರ ಜೋಡಿಸಿ, ಫಾರಂ ತುಂಬಿ, ಯಾರ ಹೆಸರಿಗೆ ಬಂದಿದೆಯೋ ಅವರಿಗೆ ಮುಟ್ಟಿಸಬೇಕು. ಒಂದು ದಿನ ಬಂದ ತಂತಿ ಇವರ ಹೆಸರಿಗೇ ಇತ್ತು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಬರೆದುಕೊಂಡವರ ಜಾಗದಲ್ಲೂ ಪಡೆದವರ ಜಾಗದಲ್ಲೂ ತಾವೇ ಸಹಿ ಹಾಕಿದರಂತೆ. ಮಗಳನ್ನು ನೋಡಿದ್ದು ಅವಳಿಗೆ ಏಳು ತಿಂಗಳು ತುಂಬಿದ ಮೇಲೆ. ಎತ್ತಿಕೊಳ್ಳಲು ಹೋದರೆ ಯಾರೋ ಎಂದು ಕಿರುಚಿ ಅಮ್ಮನ ಹೆಗಲಿಗೆ ಮುಖ ಹುದುಗಿಸಿದ್ದಳು.

ಮೂವತ್ತೆರಡನೇ ವಯಸ್ಸಿಗೆ ಎಡಗಿವಿ ಕೈಕೊಟ್ಟಿತು. ವೈದ್ಯರು ಹಡಗು ಹತ್ತಲು ಬಿಡಲಿಲ್ಲ. ದಡದಲ್ಲಿ ಟೈಪಿಂಗ್ ಕಲಿಸಿದರು, ಕಂಪ್ಯೂಟರ್ ರಿಪೇರಿ ಮಾಡಿದರು, ಹದಿನಾಲ್ಕು ವರ್ಷದ ಹಿಂದೆ ಸಂಘಕ್ಕಾಗಿ ಈ ಪುಟ ಕಟ್ಟಿದರು. ಮನೆ ಬಾಗಿಲಿನಿಂದ ಬಂದರಿಗೆ ಹತ್ತೇ ನಿಮಿಷದ ನಡಿಗೆ, ಆದರೆ ಈ ಇಪ್ಪತ್ತೇಳು ವರ್ಷದಲ್ಲಿ ಇವರು ಒಂದು ಹಡಗಿನ ಏಣಿಯನ್ನೂ ಮುಟ್ಟಿಲ್ಲ. ಅವರ ಹೆಂಡತಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: “ಇವರು ಮನೇಲೇ ಇರ್ತಾರೆ ಅಂತ ನನಗೆ ಖುಷಿ. ಇವರಿಗೆ ಆ ಖುಷಿ ಇನ್ನೂ ಬಂದಿಲ್ಲ. ಊಟ ಮಾಡ್ತಾ ಇದ್ದೋರು ಹಡಗು ಕೂಗಿದ್ರೆ ತುತ್ತು ಕೈಯಲ್ಲೇ ಹಿಡ್ಕೊಂಡು ಕೂತುಬಿಡ್ತಾರೆ.”

ಹೋದ ವರ್ಷ ಪುಟಕ್ಕೆ ಕಂಟಕ ಬಂತು. ಸರ್ವರಿನಲ್ಲಿದ್ದ ವಿಂಡೋಸ್ ತೀರ ಹಳೆಯದು. ಅದಕ್ಕೆ ಇನ್ನು ಭದ್ರತೆಯ ರಿಪೇರಿಗಳು ಬರುವುದಿಲ್ಲ ಎಂದಾಯಿತು. ಹೊಸ ವಿಂಡೋಸ್ ಹಾಕುವುದೋ, ಕಪ್ಪು ಪರದೆಯಲ್ಲಿ ಆಜ್ಞೆ ಟೈಪ್ ಮಾಡಿ ನಡೆಸುವ, ಪುಕ್ಕಟೆ ಸಿಗುವ ಲಿನಕ್ಸಿಗೆ ಹೋಗುವುದೋ? ಸಂಘದ ಕಾರ್ಯದರ್ಶಿ ನಿವೃತ್ತ ಕ್ಯಾಪ್ಟನ್. ಪುಟವನ್ನು ನಡೆಸುವ ಪ್ರೋಗ್ರಾಮನ್ನು ಬರೆದಿರುವುದೇ ವಿಂಡೋಸಿಗೆ, ಹೊಸ ವಿಂಡೋಸ್ ಹಾಕಿದರೆ ಅದು ಹಾಗೇ ನಡೆಯುತ್ತದಲ್ಲ ಎಂಬುದು ಅವರ ವಾದ. ರೇಡಿಯೋ ಮಾಮ ಒಪ್ಪಲಿಲ್ಲ. ಸಂಘದ ಯಂತ್ರ ಪುಟ್ಟದು, ಅದರ ನೆನಪಿನ ಶಕ್ತಿಯೂ ಅಷ್ಟಕ್ಕಷ್ಟೇ. ಯಾರೂ ನೋಡದ ವಿಂಡೋಸಿನ ಚಿತ್ರಪರದೆಗೆಂದು ಅದನ್ನು ಯಾಕೆ ಖರ್ಚು ಮಾಡಬೇಕು? ಜೊತೆಗೆ, ಪ್ರತಿ ರಿಪೇರಿಗೂ ಹಳೆಯ ಯಂತ್ರವನ್ನು ನಿಲ್ಲಿಸಿ ಎಬ್ಬಿಸಲು ಕಾಲು ಗಂಟೆ ಬೇಕಾಗುತ್ತಿತ್ತು.

“ಲಿನಕ್ಸನ್ನೂ ಆಗಾಗ ನಿಲ್ಲಿಸಿ ಎಬ್ಬಿಸಬೇಕು, ಸುಳ್ಳು ಹೇಳಲ್ಲ,” ಎನ್ನುತ್ತಾರೆ. “ಆದ್ರೆ ನಮ್ಮದು ಒಂದು ನಿಮಿಷದೊಳಗೆ ಎದ್ದು ಕೂರತ್ತೆ. ಇಲ್ಲಿ ಎಲ್ಲರೂ ಮಲಗಿರೋವಾಗ ಯಾವುದೋ ಹಡಗಲ್ಲಿ ಮಧ್ಯಾಹ್ನ. ಯಾರದೋ ಇಪ್ಪತ್ತು ನಿಮಿಷ ಆಗಷ್ಟೇ ಶುರುವಾಗಿರತ್ತೆ. ಅದ್ರಲ್ಲಿ ಕಾಲು ಗಂಟೆ ನಾನು ತಿಂದ್ರೆ ಹೇಗೆ?”

ಕ್ಯಾಪ್ಟನ್ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು. “ನಾಳೆ ನೀವು ಹಾಸಿಗೆ ಹಿಡಿದ್ರೆ ಯಾರು ನೋಡ್ಕೋತಾರೆ? ಮೌಸ್ ಹಿಡಿದು ಒತ್ತೋದು ನನಗೂ ಬರತ್ತೆ. ಆ ಕಪ್ಪು ಪರದೆ ನಿಮಗೊಬ್ಬರಿಗೇ ಗೊತ್ತು.”

ರೇಡಿಯೋ ಮಾಮ ಮೂರು ವಾರ ಕೊಡಿ ಎಂದು ಕೇಳಿಕೊಂಡರು. ಮನೆಯ ಹಳೇ ಕಂಪ್ಯೂಟರಿಗೆ ಲಿನಕ್ಸಿನ ನಾಲ್ಕು ಬಗೆಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದರು. ಒಂದರಲ್ಲಿ ಆರಾರು ತಿಂಗಳಿಗೆ ಎಲ್ಲ ಹೊಸದು, ಇನ್ನೊಂದು ದೊಡ್ಡ ಕಂಪನಿಗಳಿಗೆ ತಕ್ಕದ್ದು. ಕಡೆಗೆ ಮನಸ್ಸು ನಿಂತದ್ದು ಡೆಬಿಯನ್ ಎಂಬ ಬಗೆಯ ಮೇಲೆ. ಅವಸರವಿಲ್ಲದ ಜಾತಿ ಅದು. ಒಮ್ಮೆ ಹಾಕಿದರೆ ಐದು ವರ್ಷ ರಿಪೇರಿಗಳು ಬರುತ್ತವೆ. ಮೊದಮೊದಲು ಮೂಗು ಮುರಿದ ಹೆಂಡತಿ, ಗಂಡ ಆ ಕಪ್ಪು ಪರದೆಯ ಮುಂದೆ ಕತ್ತು ವಾಲಿಸಿ ಕೂತ ರೀತಿ ನೋಡಿ ಗೊಣಗುವುದನ್ನು ಬಿಟ್ಟರಂತೆ. ಸಂಘದ ಸಮಿತಿ ಒಪ್ಪಿತು. ಪುಟದ ಪ್ರೋಗ್ರಾಮನ್ನು ಮೊದಲಿನಿಂದ ಬರೆಯಲು ಎರಡು ತಿಂಗಳು ಹಿಡಿಯಿತು. ಒಂದು ಭಾನುವಾರ ಬೆಳಿಗ್ಗೆ ಎಲ್ಲವೂ ಹೊಸ ಸರ್ವರಿಗೆ ಬಂತು.

ಮರುದಿನ ಹತ್ತು ಗಂಟೆಗೆ ಹಡಗಿನ ಕಿರಿಯ ಎಂಜಿನಿಯರೊಬ್ಬರ ಹೆಂಡತಿ ಹಸುಗೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದರು. ಮಗು ಹುಟ್ಟಿ ಹನ್ನೊಂದು ದಿನ. ಶನಿವಾರ ಅದರ ಫೋಟೋ ಪುಟಕ್ಕೆ ಹಾಕಿದ್ದರು. ಗಂಡ ಆ ಬೆಳಿಗ್ಗೆ ಹಡಗಿನಿಂದ ಎರಡು ಸಾಲು ಬರೆದಿದ್ದರು. ಆಕೆ ಫೋನನ್ನು ಮುಂದೆ ಹಿಡಿದು, “ಬರೀ ಖಾಲಿ ಚೌಕ ಕಾಣ್ತಿದೆ ಅಂತಾರೆ, ಮಾಮ. ಬುಧವಾರದಿಂದ ಅವರಿಗೆ ಒಂಬತ್ತು ದಿನ ನೆಟ್ ಸಿಗಲ್ಲ,” ಎಂದರು.

ರೇಡಿಯೋ ಮಾಮ ಪುಟ ತೆರೆದರು. ನೋಡಿದರೆ ಒಂದಲ್ಲ, ಸಾವಿರಕ್ಕೂ ಹೆಚ್ಚು ಫೋಟೋಗಳ ಜಾಗದಲ್ಲಿ ಖಾಲಿ ಚೌಕ. ಕಡತಗಳು ಎಲ್ಲೂ ಹೋಗಿರಲಿಲ್ಲ, ಅಲ್ಲೇ ಇದ್ದವು. ಊಟ ಬಿಟ್ಟು ಸಂಜೆಯವರೆಗೆ ತಡಕಾಡಿದ ಮೇಲೆ ಕಾರಣ ಸಿಕ್ಕಿತು. ವಿಂಡೋಸಿಗೆ ಇಂಗ್ಲಿಷಿನ ದೊಡ್ಡ ಅಕ್ಷರವೂ ಚಿಕ್ಕ ಅಕ್ಷರವೂ ಒಂದೇ. ಲಿನಕ್ಸಿಗೆ ಅವೆರಡೂ ಬೇರೆ. ಕೂಸಿನ ಫೋಟೋದ ಹೆಸರು ದೊಡ್ಡ ಅಕ್ಷರದಲ್ಲಿತ್ತು, ಪುಟ ಅದನ್ನು ಚಿಕ್ಕ ಅಕ್ಷರದಲ್ಲಿ ಕರೆಯುತ್ತಿತ್ತು. ಕರೆದದ್ದು ತನ್ನನ್ನಲ್ಲ ಎಂಬಂತೆ ಅದು ಸುಮ್ಮನೆ ಕೂತಿತ್ತು.

ಆ ಸಂಜೆಯ ಮಾತು ಬಂದಾಗ ಅವರ ದನಿ ತಗ್ಗುತ್ತದೆ. “ಕ್ಯಾಪ್ಟನ್ ಹತ್ರ ನಾನು ಹೇಳಿದ ಕಾರಣಗಳೆಲ್ಲ ನಿಜಾನೇ. ಇನ್ನೊಂದು ಹೇಳಿರಲಿಲ್ಲ. ಒಂದು ಸಾಲು ಕಳಿಸಿ ಕಾಯೋದು, ಕಾಣದ ಜಾಗದಿಂದ ಅಕ್ಷರ ಅಕ್ಷರವಾಗಿ ಉತ್ತರ ಬರೋದು... ರೇಡಿಯೋ ಕೋಣೇಲಿ ಕೂತ ಹಾಗೇ ಆಗತ್ತೆ ನನಗೆ. ಆ ಆಸೇನೂ ಇತ್ತು. ಖಾಲಿ ಚೌಕ ನೋಡಿದಾಗ, ನನ್ನ ಆಸೆಗೋಸ್ಕರ ಆ ಹುಡುಗನ ಮಗೂನ ಕಳೆದ್ನಾ ಅನ್ನಿಸ್ತು.”

ಎಲ್ಲ ಹೆಸರನ್ನೂ ಒಂದೇ ಸಲಕ್ಕೆ ಚಿಕ್ಕ ಅಕ್ಷರಕ್ಕೆ ತಿರುಗಿಸುವ ಆಜ್ಞೆಯಿದೆ. ಆದರೆ ಹಾಗೆ ಮಾಡಿದರೆ, ಭಾನುವಾರದಿಂದೀಚೆಗೆ ಅದೇ ಹೆಸರಿನಲ್ಲಿ ಬಂದ ಹೊಸ ಫೋಟೋವನ್ನು ಹಳೆಯದು ಅಳಿಸಿಬಿಡಬಹುದು. ಅದಕ್ಕೇ ಮೊದಲು ಕೂಸಿನದನ್ನು ಸರಿಪಡಿಸಿ, ಉಳಿದ ಸಾವಿರದ ಒಂಬೈನೂರ ಹದಿನೆಂಟನ್ನು ಪಟ್ಟಿ ಹಾಕಿಕೊಂಡು ಒಂದೊಂದಾಗಿ ನೋಡಿದರು. ಮದುಮಕ್ಕಳು, ಹೊಸ ಮನೆಯ ಬಾಗಿಲು, ಅಜ್ಜಿಯ ನೂರನೇ ಹುಟ್ಟುಹಬ್ಬ, ಮೊದಲ ಹಲ್ಲು. ನಾಲ್ಕು ದಿನ ಹಿಡಿಯಿತು. ಮಂಗಳವಾರ ಮಧ್ಯಾಹ್ನವೇ ಆ ಕಿರಿಯ ಎಂಜಿನಿಯರರಿಂದ ಹೆಂಡತಿಗೆ ಒಂದು ಸಾಲು ಬಂದಿತ್ತು: ‘ಮೂಗು ನಿನ್ನದೇ.’

ತಪ್ಪನ್ನು ಇವರು ಮುಚ್ಚಿಡಲಿಲ್ಲ. ಕ್ಯಾಪ್ಟನ್ ಎದುರು ಕೂತು ನಡೆದದ್ದೆಲ್ಲ ಹೇಳಿ, ಬೇಕಾದರೆ ವಿಂಡೋಸಿಗೇ ಹಿಂದಿರುಗೋಣ, ಹಳೆಯದರ ನಕಲು ಇಟ್ಟಿದ್ದೇನೆ ಎಂದರು. ಕ್ಯಾಪ್ಟನ್ ಬೇಡವೆಂದರು. ತಮ್ಮ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ ಎಂದೂ ಸೇರಿಸಿದರು.

ಉತ್ತರವಾಗಿ ಬಂದವರು ಆ ಎಂಜಿನಿಯರರ ಹೆಂಡತಿಯೇ. ಫೋಟೋ ಸಿಕ್ಕ ಮಾರನೇ ವಾರ, ಆ ಚೌಕ ಯಾಕೆ ಖಾಲಿಯಾಯಿತೆಂದು ತನಗೂ ತೋರಿಸಿಕೊಡಿ ಎಂದು ಕೇಳಿದರಂತೆ. ಈಗ ವಾರಕ್ಕೆ ಮೂರು ಬೆಳಿಗ್ಗೆ ಬರುತ್ತಾರೆ. ರೇಡಿಯೋ ಮಾಮ ನೂರಾ ನಲವತ್ತು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಆಜ್ಞೆಯನ್ನೂ, ಅದು ಏನು ಮಾಡುತ್ತದೆ, ಎಲ್ಲಿ ಕೈ ಸುಡಬಹುದು ಎಂಬುದನ್ನೂ ದುಂಡಗೆ ಬರೆದಿಟ್ಟಿದ್ದಾರೆ. ಹೋದ ತಿಂಗಳು ಇವರು ಜ್ವರದಿಂದ ಮಲಗಿದ್ದಾಗ ಆರು ದಿನ ಪುಟ ನೋಡಿಕೊಂಡವರು ಆಕೆ. “ಹೆದರಿಕೆ ಆಗತ್ತೆ, ಆದ್ರೂ ಕಷ್ಟ ಅಲ್ಲ,” ಎನ್ನುತ್ತಾರೆ ಆಕೆ. “ಏನು ಕೇಳಬೇಕೋ ಸರಿಯಾಗಿ ಬರೆದು ಕೇಳಬೇಕು ಅಷ್ಟೇ. ನಮ್ಮನೆಯವರಿಗಿಂತ ಬೇಗ ಉತ್ತರ ಕೊಡತ್ತೆ.”

ಬಿಸಿಲು ಕಿಟಕಿಗೆ ಏರಿದೆ. ಹೊರಗೆ ಒಂದು ಹಡಗು ಹಗ್ಗ ಬಿಚ್ಚಿಕೊಂಡು ನಿಧಾನವಾಗಿ ಹಿಂದೆ ಸರಿಯುತ್ತಿದೆ. ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ರೇಡಿಯೋ ಮಾಮ ಆ ಕಡೆಗೇ ನೋಡುತ್ತ ಬಲಗಿವಿಯನ್ನು ಇತ್ತ ತಿರುಗಿಸಿ ಇನ್ನೊಮ್ಮೆ ಕೇಳಿಸಿಕೊಳ್ಳುತ್ತಾರೆ. ಪ್ರಶ್ನೆ ಮೊದಲು ಅವರ ಎಡಗಿವಿಗೆ ಬಿದ್ದಿತ್ತೇನೋ.

“ಒಂದೇ ಒಂದು ಸಲ, ದಡ ಕಾಣದಿರೋ ಕಡೆ ನಿಂತು ನಮ್ಮ ಪುಟ ತೆರೀಬೇಕು,” ಎನ್ನುತ್ತಾರೆ ಆಮೇಲೆ. “ಎಷ್ಟು ಹೊತ್ತು ತಗೊಳ್ಳತ್ತೆ ಅಂತ ನೋಡಬೇಕು. ಹೆಂಡತಿಗೆ ಹೇಳಿಟ್ಟಿದೀನಿ, ಅವತ್ತು ಅವಳೂ ನಾಲ್ಕು ಸಾಲು ಬರೆದು ಹಾಕಿರಬೇಕು ಅಂತ. ಏನು ಬರೀಲಿ ಅಂದ್ಲು. ಏನಾದ್ರೂ ಬರಿ, ಬೇಗ ಬನ್ನಿ ಅಂತ ಮಾತ್ರ ಬರೀಬೇಡ ಅಂದೆ.”