ಕಾಗೆಗೆ ಕೊಟ್ಟ ಮಾತು

ಇಂಗ್ಲಿಷಿನಲ್ಲಿ 'ಕೀಪ್' ಅಂತ ಒಂದು ಕ್ರಿಯಾಪದ ಇದೆ. ಶಿವಮೊಗ್ಗದ ಹೈಸ್ಕೂಲಿನಲ್ಲಿ ವರ್ಷಾವರ್ಷ ಅದನ್ನು ಪಾಠ ಮಾಡುತ್ತಿದ್ದೆ. ಇಟ್ಟುಕೊಳ್ಳುವುದಕ್ಕೂ ಅದೇ, ಕೋಳಿ ಸಾಕುವುದಕ್ಕೂ ಅದೇ, ಮಾತು ಉಳಿಸಿಕೊಳ್ಳುವುದಕ್ಕೂ ಅದೇ. ಮಕ್ಕಳನ್ನು ಸುಮ್ಮನಿರಿಸಬೇಕಾದರೂ ಅದನ್ನೇ ಕರೆಯಬೇಕು. ಬಹಳ ಹಿಂದೆ ಅದಕ್ಕೆ ಕಣ್ಣಿಟ್ಟು ನೋಡುವುದು, ಕಾಯುವುದು ಎಂಬ ಅರ್ಥಗಳೂ ಇದ್ದವಂತೆ. ಅದು ಎಲ್ಲಿಂದ ಬಂತು, ಯಾರ ಪೈಕಿ ಎಂದರೆ ಪಂಡಿತರೇ ಕೈಚೆಲ್ಲುತ್ತಾರೆ.

ನಮ್ಮ ಮನೆಯವರಿಗೆ ಮಾತ್ರ ಅದರ ಒಂದೇ ಅರ್ಥ ಗೊತ್ತಿತ್ತು. ನನ್ನ ಚಿಕ್ಕಮಾವ ಭದ್ರಾವತಿಯಲ್ಲಿ ಕಾರ್ಖಾನೆಯ ಫಿಟ್ಟರ್. ಹೆಂಡತಿ ತೀರಿಕೊಂಡ ಮೇಲೆ ಓಲ್ಡ್ ಟೌನಿನ ಮನೆಯಲ್ಲಿ ಒಬ್ಬ ತಮಿಳು ವಿಧವೆಯ ಜೊತೆ ಇದ್ದರು. ತಾಳಿ ಇರಲಿಲ್ಲ. ನಾನು ಆಕೆಯನ್ನು ಅತ್ತೆ ಎನ್ನುತ್ತಿದ್ದೆ, ಉಳಿದವರು 'ಅವನ ಕೀಪು' ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಬೈದರೆ ಬಾಯಿ ಮೈಲಿಗೆಯಾಗುವುದಿಲ್ಲ ನೋಡಿ! ಮಾವ ಹಾಸಿಗೆ ಹಿಡಿದಾಗ ಮೈ ಒರೆಸಿ, ಹೇಲು ಉಚ್ಚೆ ಬಾಚಿದ್ದು ಆಕೆಯೇ. ನಮ್ಮವರು ಕಿತ್ತಳೆ ಹಣ್ಣು ತಂದು ಬಾಗಿಲಲ್ಲೇ ಕೊಟ್ಟು ಹೋಗುತ್ತಿದ್ದರು.

ಮಾವ ಸತ್ತರು. ಮನೆ ಅಜ್ಜನ ಕಾಲದ್ದು, ಇನ್ನು ದೊಡ್ಡಮಾವನಿಗೆ ಸೇರಬೇಕು. ಕಾರ್ಯ ಮುಗಿದ ಕೂಡಲೇ ಆಕೆ ಜಾಗ ಖಾಲಿ ಮಾಡಬೇಕೆಂದು ಅವರು ಹೇಳಿಯಾಗಿತ್ತು. ಹೋಗಲು ಆಕೆಗೆ ಬೇರೆ ಮನೆ ಇರಲಿಲ್ಲ.

ಹನ್ನೊಂದನೆಯ ದಿನ ಭದ್ರಾ ನದಿಯ ದಂಡೆಯಲ್ಲಿ ಎಡೆ ಇಟ್ಟೆವು. ಆಕೆಯನ್ನು ಹತ್ತಿರ ಬಿಡಲಿಲ್ಲ, ಮೇಲಿನ ಮೆಟ್ಟಿಲಲ್ಲಿ ಒಬ್ಬರೇ ನಿಂತಿದ್ದರು. ಕಾಗೆಗಳು ಬಂದವು, ಗೋಡೆಯ ಮೇಲೆ ಕೂತವು, ಎಡೆ ಮುಟ್ಟಲಿಲ್ಲ. ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದು ಲೆಕ್ಕ. ದೊಡ್ಡಮಾವ ಕೈಮುಗಿದು ವರ್ಷಾಬ್ದಿಕ ಚೆನ್ನಾಗಿ ಮಾಡುತ್ತೇನೆಂದರು, ಕಾಶಿಗೆ ಹೋಗುತ್ತೇನೆಂದರು. ಒಂದು ಕಾಗೆಯೂ ಕದಲಲಿಲ್ಲ. ಬಿಸಿಲು ನೆತ್ತಿಗೇರಿತು, ಎಲ್ಲರಿಗೂ ಹಸಿವು. ಕೊನೆಗೆ ನನ್ನ ಅಮ್ಮ ಮೆಲ್ಲಗೆ, ಅವಳ ವಿಷಯ ಹೇಳಿ ನೋಡು ಎಂದು ಅಣ್ಣನ ಕಿವಿಗೆ ಹಾಕಿದಳು.

ದೊಡ್ಡಮಾವ ಮುಖ ಗಂಟಿಕ್ಕಿದರು. "ಆಯ್ತು ಮಾರಾಯ, ಅವಳನ್ನ ಮನೆಯಿಂದ ಎಬ್ಬಿಸಲ್ಲ. ನಾವೇ ನೋಡ್ಕೋತೀವಿ. ತಿನ್ನು."

ಒಂದು ಕಾಗೆ ಇಳಿದು ವಡೆಗೆ ಕೊಕ್ಕು ಹಾಕಿತು. ನನಗೆ ಅಳು ತಡೆಯಲಾಗಲಿಲ್ಲ. ಮೇಲೆ ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡಿದ್ದರು.

ಅಮಾವಾಸ್ಯೆ ಬರುವುದರೊಳಗೆ ಮನೆಗೆ ಬೀಗ ಬಿತ್ತು. ನಾನು ದೊಡ್ಡಮಾವನ ಹತ್ತಿರ ಹೋಗಿ ಜಗಳ ಕಾದೆ. ಅವರು ಅಡಿಕೆ ಕತ್ತರಿಸುತ್ತಲೇ, "ಕಾಗೆ ತಿಂತಲ್ಲ, ಮುಗೀತು" ಎಂದರು. ಎಂಥ ಮನುಷ್ಯರಪ್ಪ!

ಸೇಲಂನ ದೂರದ ನೆಂಟರೊಬ್ಬರ ಮನೆಗೆ ಹೊರಟ ಅತ್ತೆಯನ್ನು ರೈಲು ಹತ್ತಿಸಲು ಹೋದೆ. ಕೈಯಲ್ಲಿ ಒಂದು ಟ್ರಂಕು, ಮಾವನ ಊಟದ ಡಬ್ಬಿ. ಕೊಟ್ಟ ಮಾತು ತಪ್ಪಿದ ನಮ್ಮವರನ್ನೆಲ್ಲ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಆಕೆ ನನ್ನ ಕೈ ಹಿಡಿದುಕೊಂಡರು.

"ಮನೆ ಹೋದ್ರೆ ಹೋಗ್ಲಿ ಬಿಡಮ್ಮ. ನಿಮ್ಮ ಮಾವ ಹಸ್ಕೊಂಡು ಹೋಗ್ಲಿಲ್ವಲ್ಲ."