ಬಾಮೈದನ ಕಿವಿ, ಚಿಕ್ಕರಾಜುವಿನ ರೀಲು

ಕನಕಪುರದ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಚಿಕ್ಕರಾಜುವಿಗೆ ಒಂದು ಸ್ಟುಡಿಯೊ. ಹೊಟ್ಟೆಪಾಡಿಗೆ ಜೆರಾಕ್ಸು, ಪಾಸ್‌ಪೋರ್ಟ್ ಸೈಜಿನ ಪಟ, ಎಲ್ಲವೂ ಡಿಜಿಟಲ್ಲೇ. ಆದರೆ ತನ್ನ ಖುಷಿಗೆ ಊರು ತಿರುಗಲು ಹೊರಟರೆ ಹೆಗಲಿಗೇರುವುದು ಹಳೆಯ ರೀಲು ಕ್ಯಾಮೆರಾ. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಬಡಿದು ರೀಲನ್ನು ತಾನೇ ತೊಳೆಯುತ್ತಾನೆ. ಅವತ್ತು ಮನೆಯವರ ಸ್ನಾನಕ್ಕೆ ಕಲ್ಲು ಬಿತ್ತೆಂದೇ ಲೆಕ್ಕ. ಹೆಂಡತಿ ಭಾನುಪ್ರಿಯ ಬೈದು ಬೈದು ಸಾಕಾಗಿ ಸುಮ್ಮನಾಗಿದ್ದಾಳೆ.

ಆಯುಧಪೂಜೆಯ ರಜೆಗೆ ಅವಳ ತಮ್ಮ ನಾಗರಾಜು ಬಂದ. ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸ, ಕೊರಳಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ. ಅವನ ಕಾರಿನಲ್ಲೇ ಮೂವರೂ ಮಾಗಡಿ ಕೋಟೆ, ಚನ್ನಪಟ್ಟಣದ ಬೊಂಬೆ ಅಂಗಡಿ ಸುತ್ತಿದರು. ಮಾರನೆಯ ದಿನ ಕಬ್ಬಾಳಮ್ಮನಿಗೆ ಹರಕೆಯ ಕುರಿ. ಕುರಿ ಮಾರಿದ ಮಂಚಯ್ಯನೇ ಬೆಟ್ಟದ ಬುಡದ ತೋಪಿನಲ್ಲಿ ಅದನ್ನು ಕಡಿದು ಚರ್ಮ ಸುಲಿಯುತ್ತಿದ್ದ. ಭಾನುಪ್ರಿಯ ಮುದ್ದೆಗೆ ಎಸರಿಟ್ಟಿದ್ದಳು.

"ಅಲ್ಲಾ ಭಾವ, ನಿನ್ ಪಟ ತೊಳ್ದು ಬರೋ ಹೊತ್ಗೆ ಪಟದಲ್ಲಿರೋ ಹೈಕ್ಳಿಗೆ ಮೀಸೆ ಬಂದಿರ್ತದೆ" ಎಂದ ನಾಗರಾಜು.

"ನೀನು ಒಂದು ಕುರಿಗೆ ಇನ್ನೂರು ಪಟ ಹೊಡ್ದಿದ್ದೀಯಲ್ಲೋ. ನಿನ್ ಮದ್ವೇಲಿ ನಾನು ನಿಂಗೂ ಅಷ್ಟು ಹೊಡ್ದಿರ್ನಿಲ್ಲ."

"ಬ್ಯಾಡ ಅಂದ್ರೆ ಅಳಿಸ್ತೀನಿ ಬುಡು."

"ಅಳಿಸಕ್ಕೆ ಅಷ್ಟು ಸಲೀಸಾಗಿರೋದ್ನ ಪಟ ಅಂತಾರೇನ್ಲಾ?"

ಮಂಚಯ್ಯ ಮಚ್ಚು ಒರೆಸುತ್ತ ನಕ್ಕ. "ಯಾವ್ದ್ರಲ್ಲಾದ್ರೂ ತೆಗೀರಪ್ಪ, ನಾನು ಮಾತ್ರ ಕರ್ರಗೇ ಬರೋದು" ಅಂದು ಮಚ್ಚನ್ನು ಒಲೆಯ ಪಕ್ಕ ಇಟ್ಟು, ಕೈ ತೊಳೆಯಲು ಆ ಕಡೆಯ ತೊಟ್ಟಿಗೆ ಹೋದ.

ಅಷ್ಟರಲ್ಲಿ ಕಲ್ಲು ಕ್ವಾರಿಯ ಜೀಪು ಬಂತು. ಕುರಿ ಮೇಯುವ ಗೋಮಾಳಕ್ಕೆ ಸಿಡಿಮದ್ದು ಇಡುತ್ತಾರೆಂದು ಮಂಚಯ್ಯ ತಾಲ್ಲೂಕು ಕಚೇರಿಯ ಮುಂದೆ ಧರಣಿ ಕೂತಿದ್ದ. ಅದಕ್ಕೇ ಬಂದಿದ್ದರು, ನಾಲ್ವರು. ಮುಂದಾಳು ಪ್ರಕಾಶನ ಕೈಯಲ್ಲಿ ಜಾಕಿ ರಾಡು. ಮಾತಿಲ್ಲ ಕತೆಯಿಲ್ಲ, ಮೊದಲ ಏಟು ಮಂಚಯ್ಯನ ಮೊಣಕಾಲಿಗೆ. ಹಸಿ ಕೊಂಬೆ ಸೀಳಿದ ಹಾಗೆ ಮೂಳೆ ಮುರಿಯಿತು. ಎರಡನೆಯದು ತಲೆಗೆ. ಬಿದ್ದವನ ಬಾಯಿಗೆ ಒಬ್ಬ ಮಣ್ಣು ತುರುಕಿದ. "ಕೂಗ್ಲಾ ಧಿಕ್ಕಾರ, ಈಗ ಕೂಗು!"

ಚಿಕ್ಕರಾಜು ಮರದ ಮರೆಯಿಂದ ಹೊಡೆದದ್ದು ನಾಲ್ಕೇ ಪಟ. ಎತ್ತಿದ ರಾಡು, ಪ್ರಕಾಶನ ಮುಖ, ಕೆಳಗೆ ಮಂಚಯ್ಯ, ಮೂರೂ ಒಂದೇ ಪಟದೊಳಗೆ ಬಿದ್ದವೆಂದು ಅವನಿಗೆ ಗೊತ್ತಿತ್ತು. ಪಕ್ಕದಲ್ಲಿ ನಾಗರಾಜುವೂ ಒತ್ತಿದ. ಮರದ ನೆರಳಿಗೆ ಅವನ ಕ್ಯಾಮೆರಾದ ಫ್ಲ್ಯಾಶು ತಾನಾಗಿಯೇ ಮಿಂಚಿಬಿಟ್ಟಿತು.

ನಾಲ್ವರೂ ತಿರುಗಿದರು. ನಾಗರಾಜುವಿನ ಕುತ್ತಿಗೆ ಹಿಡಿದು ಎಳೆದೊಯ್ದು, ಅವನ ಬೆರಳಿಂದಲೇ ಪಟಗಳನ್ನೆಲ್ಲ ಅಳಿಸಿದರು. ಆಮೇಲೆ ಕಾರ್ಡನ್ನು ಕಿತ್ತು ಕಲ್ಲಿನಲ್ಲಿ ಜಜ್ಜಿದರು. ಅಷ್ಟಕ್ಕೂ ಬಿಡಲಿಲ್ಲ.

ರೀಲು ಕ್ಯಾಮೆರಾದ ಬೆನ್ನು ಬಿಚ್ಚಿದರೆ ಬೆಳಕು ಬಿದ್ದು ಪಟ ಸುಟ್ಟುಹೋಗುತ್ತದೆ. ಬಿಚ್ಚುವ ಮೊದಲು ರೀಲನ್ನು ಅದರ ಡಬ್ಬಿಯೊಳಕ್ಕೆ ಪೂರ್ತಿ ಹಿಂದಕ್ಕೆ ಸುತ್ತಬೇಕು. ಅವರ ಕಣ್ಣು ನಾಗರಾಜುವಿನ ಮೇಲಿದ್ದಾಗಲೇ ಚಿಕ್ಕರಾಜು ಮರದ ಮರೆಯಿಂದ ಒಲೆಯ ಪಕ್ಕಕ್ಕೆ ಸರಿದು, ಕುಕ್ಕುರುಗಾಲಲ್ಲಿ ಕೂತು ಟವೆಲ್ಲಿನಡಿ ಸುತ್ತತೊಡಗಿದ. ಬೇಗ ಸುತ್ತಿದರೆ ಕರಕರ ಸದ್ದು. ಮೆಲ್ಲಗೇ ಸುತ್ತಬೇಕು.

"ಭಾವ! ಬುಡಿಸ್ಕೊ ಭಾವ!"

ನಾಗರಾಜುವಿನ ಹಲ್ಲು ರಕ್ತದ ಜೊತೆ ಉದುರಿದವು. ಪ್ರಕಾಶ ಬೂಟುಗಾಲಿನಿಂದ ಕಿವಿಯ ಮೇಲೆ ತುಳಿದ. ಮಚ್ಚು ಚಿಕ್ಕರಾಜುವಿನ ಕೈಯಳತೆಯಲ್ಲೇ ಬಿದ್ದಿತ್ತು. ಎದ್ದರೆ ರೀಲು ಹೋಗುತ್ತದೆ; ರೀಲು ಹೋದರೆ ಮಂಚಯ್ಯ ಬಂಡೆಯಿಂದ ಜಾರಿ ಬಿದ್ದನೆಂದು ಪೊಲೀಸರು ಬರೆದು ಕೈತೊಳೆದುಕೊಳ್ಳುತ್ತಾರೆ. ಇಂಥದ್ದನ್ನು ಅವನು ಕಂಡಿದ್ದ. ಸುತ್ತಿದ.

ಸುತ್ತುವ ಹಿಡಿಕೆ ಸಡಿಲವಾಯಿತು, ರೀಲು ಪೂರ್ತಿ ಡಬ್ಬಿ ಸೇರಿತ್ತು. ಡಬ್ಬಿ ತೆಗೆದು ರಾಗಿಹಿಟ್ಟಿನ ಚೀಲಕ್ಕೆ ಹಾಕಿದ. ಭಾನುಪ್ರಿಯ ಕಂಡಳು. ಅಲ್ಲಿ ಒದೆ ತಿನ್ನುತ್ತಿದ್ದವನು ಅವಳ ಒಡಹುಟ್ಟಿದವನು. ತುಟಿ ಕಚ್ಚಿ, ಡಬ್ಬಿಯ ಮೇಲೆ ಹಿಟ್ಟು ಎಳೆದಳು.

ಒಬ್ಬ ಬಂದು ಕ್ಯಾಮೆರಾ ಕಿತ್ತುಕೊಂಡು ಹಿಂದೆ ಮುಂದೆ ತಿರುಗಿಸಿದ. "ಇದ್ರಲ್ಲಿ ಟೀವಿನೇ ಇಲ್ವಲ್ಲಣ್ಣ."

"ರೀಲಿಂದು ಕಣ್ಲಾ, ಬಿಚ್ಚು" ಎಂದ ಪ್ರಕಾಶ. ಬಿಚ್ಚಿದರೆ ಖಾಲಿ. "ಏನ್ಲಾ, ರೀಲಿಲ್ದೆ ನೇತಾಕ್ಕಂಡಿದ್ದೀಯ?"

"ರೀಲು ಈಗೆಲ್ಲಿ ಸಿಗ್ತದಣ್ಣ. ಸುಮ್ನೆ ಶೋಕಿಗೆ."

ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಕ್ಯಾಮೆರಾದಿಂದ ಚಿಕ್ಕರಾಜುವಿನ ಮೂಗು ಮುರಿದು ಜೀಪು ಹತ್ತಿದರು.

ಬೆಳಗಿನ ಜಾವಕ್ಕೆ ಮಂಚಯ್ಯ ಆಸ್ಪತ್ರೆಯಲ್ಲಿ ಸತ್ತ. ಬಂಡೆಯಿಂದ ಜಾರಿ ಬಿದ್ದನೆಂದೇ ಕ್ವಾರಿಯವರು ಹೇಳಿದರು. ಚಿಕ್ಕರಾಜು ರೀಲು ತೊಳೆದು, ಪಟವನ್ನು ಸ್ಟೇಷನ್ನಿನ ಮೇಜಿನ ಮೇಲಿಟ್ಟ ಮೇಲೆ ಆ ಮಾತು ನಿಂತಿತು. ಪ್ರಕಾಶ ಒಳಗೆ ಹೋದ. ಆದರೆ ಪಟ ತೆಗೆದವನ, ಅವನ ಹೆಂಡತಿಯ ಮಾತು ಸಾಲದು, ಕಣ್ಣಾರೆ ಕಂಡ ಇನ್ನೊಬ್ಬರು ಬೇಕು ಎಂದರು ಪೊಲೀಸರು.

ಆಸ್ಪತ್ರೆಯಿಂದ ಬಂದ ನಾಗರಾಜುವಿಗೆ ಎಡಗಿವಿ ಪೂರ್ತಿ ಹೋಗಿತ್ತು. ಸ್ಟುಡಿಯೊದಲ್ಲಿ ಕೂತು ಆ ಪಟವನ್ನು ಬಹಳ ಹೊತ್ತು ನೋಡಿದ.

"ನನ್ನ ತುಳೀತಿದ್ದಾಗ ನೀನೇನ್ ಮಾಡ್ತಿದ್ದೆ ಭಾವ?"

"ರೀಲು ಸುತ್ತುತಿದ್ದೆ."

"ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು."

"ಅಕ್ಕಂಗೆ ಗೊತ್ತಿತ್ತಾ, ನೀನು ಸುತ್ತುತಿದ್ದದ್ದು?"

"ಇಲ್ಲ" ಎಂದ ಚಿಕ್ಕರಾಜು.

ನಾಗರಾಜು ಸ್ಟೇಷನ್ನಿಗೆ ನಡೆದು, ಕಂಡದ್ದನ್ನೆಲ್ಲ ಹೇಳಿ ರುಜು ಹಾಕಿದ. ಹೊರಗೆ ಬಂದು, ಕಾದು ನಿಂತಿದ್ದ ಚಿಕ್ಕರಾಜುವಿನ ಎದುರೇ ಕಾರಿನ ಬಾಗಿಲು ತೆಗೆದ.

"ಕೋರ್ಟಿಗೆ ಕರ್ದಾಗ್ಲೂ ಬತ್ತೀನಿ. ನೀನು ಮಾತ್ರ ನಮ್ಮನೆ ಹೊಸಿಲು ತುಳೀಬ್ಯಾಡ."